11 ವರ್ಷದ ಗುಂಡನಿಗಾಗಿ ಮನೆ ತಿದ್ದಿದ ಕೆಲಸದ ಟಿಪ್ಪಣಿ

ಗುಂಡ ನಮ್ಮ ಮನೆಯ ಲ್ಯಾಬ್ರಡಾರ್ ನಾಯಿ. ವಯಸ್ಸು 11, ಈ ಕೆಲಸಕ್ಕೆ ಕೈಹಾಕಿದಾಗ ಅವನ ತೂಕ 36 ಕಿಲೋ ಇತ್ತು. ಸೊಂಟದ ಎರಡೂ ಕೀಲುಗಳಲ್ಲಿ ಸಂಧಿವಾತ ಬಲಿತಿದೆಯೆಂದು ಎಕ್ಸ್‌ರೇಯಲ್ಲಿ ಕಂಡುಬಂದ ಮೇಲೆ ಶಿರಸಿಯ ಹತ್ತಿರದ ನಮ್ಮ ಹಳೆಯ ಮನೆಯ ನೆಲ, ಹೊಸ್ತಿಲು, ಜಗುಲಿಯ ಮೆಟ್ಟಿಲು ಮತ್ತು ಅವನ ಹಾಸಿಗೆಯನ್ನು ಒಂದೊಂದಾಗಿ ಬದಲಿಸಬೇಕಾಯಿತು. ಬೇಸಿಗೆಯಲ್ಲಿ ಆರಂಭಿಸಿ ಮಳೆ ಹಿಡಿಯುವ ಮುನ್ನ ಮುಗಿಸಿದ ಆ ಕೆಲಸದ ಅಳತೆ, ಸಾಮಗ್ರಿ ಹಾಗೂ ಕಾರಣಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ನಾಯಿ ಇರುವವರು ಸಾಮಾನ್ಯವಾಗಿ ಮೊದಲು ಒಳ್ಳೆಯ ಹಾಸಿಗೆಯನ್ನು ಕೊಳ್ಳುತ್ತಾರೆ, ಏಕೆಂದರೆ ಹಾಸಿಗೆ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ರಮ ಬೇರೆಯಾಗಬೇಕು: ಮೊದಲು ಜಾರುವ ನೆಲ, ಅನಂತರ ಎತ್ತರ ತಗ್ಗು, ಕೊನೆಗೆ ಹಾಸಿಗೆ.

ಮರಗೆಲಸಕ್ಕೆ ಮುನ್ನ ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಗುಂಡ ಎಂದೂ ನೋವಿನಿಂದ ಕೂಗಿದವನಲ್ಲ. ಮಲಗಿ ಎದ್ದ ಮೊದಲ ಕೆಲವು ಹೆಜ್ಜೆಗಳಲ್ಲಿ ಮರಗಟ್ಟಿದಂತೆ ನಡೆದು ಆಮೇಲೆ ಸಡಿಲವಾಗುವುದು, ಮೆಟ್ಟಿಲೇರುವಾಗ ಹಿಂಗಾಲೆರಡನ್ನೂ ಒಟ್ಟಿಗೇ ಎತ್ತಿಡುವುದು, ಏಳುವ ಮುನ್ನ ಮುಂಗಾಲುಗಳಿಂದ ಮೈಯನ್ನು ಎಳೆದುಕೊಳ್ಳುವುದು, ಒಂದೇ ಜಾಗವನ್ನು ಪದೇ ಪದೇ ನೆಕ್ಕುವುದು, ತೊಡೆಯ ಸ್ನಾಯು ತೆಳುವಾಗುವುದು: ಲಕ್ಷಣಗಳು ಹೀಗೆ ಸದ್ದಿಲ್ಲದೆ ಬಂದವು. ಆದರೆ ನಮ್ಮ ಕಡೆ ಕುಂಟುವ ನಾಯಿಯನ್ನು ಕಂಡ ಕೂಡಲೇ ಸಂಧಿವಾತವೆಂದು ತೀರ್ಮಾನಿಸುವಂತಿಲ್ಲ. ಬೆಟ್ಟಕ್ಕೂ ತೋಟಕ್ಕೂ ತಿರುಗುವ ನಾಯಿಗಳಿಗೆ ಉಣುಗಿನ ಕಾಟ ತಪ್ಪಿದ್ದಲ್ಲ. ಉಣುಗಿನಿಂದ ಹರಡುವ ಎರ್ಲಿಕಿಯಾದಂಥ ಸೋಂಕುಗಳೂ ಕೀಲುಗಳನ್ನು ಊದಿಸಿ ಕುಂಟುವಂತೆ ಮಾಡುತ್ತವೆ, ಅವುಗಳ ಚಿಕಿತ್ಸೆಯೇ ಬೇರೆ. ಆದ್ದರಿಂದ ಪಶುವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಎಕ್ಸ್‌ರೇಗೆ ಕಳಿಸಿದರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ಗುಂಡಿಯೂ ಚೆಂಡೂ ಸರಿಯಾಗಿ ಕೂಡದ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಸಡಿಲವಾದ ಕೀಲು ವರ್ಷಗಟ್ಟಲೆ ಉಜ್ಜಿ ಮೃದ್ವಸ್ಥಿ ಸವೆದು, ಅಂಚಿನಲ್ಲಿ ಹೊಸ ಮೂಳೆ ಬೆಳೆದಿರುವುದು ಚಿತ್ರದಲ್ಲಿ ನಮಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಸವೆದದ್ದು ಮರಳಿ ಬರುವುದಿಲ್ಲ. ಊತ, ನೋವು, ತೂಕ ಮತ್ತು ಸ್ನಾಯುಬಲ ಈ ನಾಲ್ಕನ್ನು ಮಾತ್ರ ನಾವು ಹಿಡಿತದಲ್ಲಿ ಇಡಬಹುದು.

ನೆಲದ ಕೆಲಸ

ಆರೋಗ್ಯವಂತ ನಾಯಿ ನಿಂತಾಗ ಮೈಭಾರದ ಸುಮಾರು 60 ಪ್ರತಿಶತ ಮುಂಗಾಲುಗಳ ಮೇಲೆ, 40 ಪ್ರತಿಶತ ಹಿಂಗಾಲುಗಳ ಮೇಲೆ ಇರುತ್ತದೆ. ಸೊಂಟ ನೋಯುವ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ಸರಿಸುತ್ತದೆ, ಹಿಂಗಾಲಿನ ಸ್ನಾಯು ಕೆಲಸವಿಲ್ಲದೆ ಕರಗುತ್ತದೆ, ಕರಗಿದ ಸ್ನಾಯು ಕೀಲನ್ನು ಬಿಗಿಯಾಗಿ ಹಿಡಿಯಲಾರದು. ಜಾರುವ ನೆಲ ಈ ಸುತ್ತನ್ನು ಇನ್ನೂ ಬೇಗ ತಿರುಗಿಸುತ್ತದೆ. ಒಮ್ಮೆ ಹಿಂಗಾಲುಗಳು ಪಕ್ಕಕ್ಕೆ ಜಾರಿ ಅಗಲವಾದರೆ ಮರುದಿನವೆಲ್ಲ ನೋವು ಉಳಿಯುತ್ತದೆ. ನೋವನ್ನು ಕಂಡ ನಾಯಿ ಆ ಕೋಣೆಗೆ ಬರುವುದನ್ನೇ ಬಿಟ್ಟು, ನಡಿಗೆ ಮತ್ತಷ್ಟು ಕಡಿಮೆಯಾಗುತ್ತದೆ.

ನಮ್ಮ ಮನೆಯಲ್ಲಿ ಜಗುಲಿ ಮತ್ತು ನಡುಮನೆಗೆ ಕೆಂಪು ರೆಡ್ ಆಕ್ಸೈಡ್ ನೆಲ, ದುರಸ್ತಿಯಾದ ಎರಡು ಕೋಣೆಗಳಿಗೆ ವಿಟ್ರಿಫೈಡ್ ಟೈಲ್ಸ್ ಇವೆ. ತಲೆಮಾರಿನಿಂದ ಒರೆಸಿ ಒರೆಸಿ ಆಕ್ಸೈಡ್ ನೆಲ ಕನ್ನಡಿಯಂತಾಗಿದೆ. ಅದನ್ನು ನೋಡಿ ಹೊಗಳದ ನೆಂಟರಿಲ್ಲ. ಆಷಾಢದಲ್ಲಿ ಈ ಎರಡು ಬಗೆಯ ನೆಲಗಳೂ ಬೆವರುತ್ತವೆ, ಅಂದರೆ ತಂಪಾದ ನೆಲದ ಮೇಲೆ ಗಾಳಿಯ ತೇವ ತೆಳುವಾದ ನೀರಿನ ಪೊರೆಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ಸರಿಯೆನಿಸಿದ ಹಾಸು ಶ್ರಾವಣದಲ್ಲಿ ತಾನೇ ಜಾರಬಹುದಾದ್ದರಿಂದ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ.

ಮಿಕ್ಕಿದ್ದ ಒಂದು ಟೈಲನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಹಾಸಿನ ತುಂಡನ್ನೂ ಅದರ ಮೇಲೆ 1 ಕಿಲೋ ತೂಕದ ಕಲ್ಲನ್ನೂ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋದೆ. ತುಂಡು ಜಾರಿದ ಕ್ಷಣದಲ್ಲಿ ಹಲಗೆಯ ಎತ್ತರವನ್ನು ಅದರ ತಳದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾಂಕ, ಅಂದರೆ ಹಿಡಿತದ ಅಳತೆ; ಹೈಸ್ಕೂಲಿನ ಭೌತಶಾಸ್ತ್ರ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ನನಗೆ ಇದೇ ಮೊದಲು. ಒಣ ಟೈಲಿನ ಮೇಲೂ ಒದ್ದೆ ಬಟ್ಟೆಯಿಂದ ಒರೆಸಿದ ಟೈಲಿನ ಮೇಲೂ ನೋಡಿದೆ. ಚಾಪೆ ಎಲ್ಲಕ್ಕಿಂತ ಬೇಗ ಜಾರಿತು, ಜಮಖಾನ ಅದರ ಹಿಂದೆಯೇ ಬಂತು. ಗೋಣಿಚೀಲ ಒಣಗಿದ್ದಾಗ ಪರವಾಗಿಲ್ಲ ಎನಿಸಿದರೂ ಒದ್ದೆಯಲ್ಲಿ ನಿಲ್ಲಲಿಲ್ಲ. ಅಗ್ಗದ ಯೋಗ ಮ್ಯಾಟ್ ಎರಡರಲ್ಲೂ ಚೆನ್ನಾಗಿ ಹಿಡಿಯಿತಾದರೂ ಉಗುರಿಗೆ ಸಿಕ್ಕರೆ ಹರಿಯುವಂಥದ್ದು. ಕೊನೆಯವರೆಗೆ ನಿಂತವು ಎರಡು: ಹಿಂಬದಿಗೆ ರಬ್ಬರ್ ಇರುವ ಕಾಯರ್ (ತೆಂಗಿನ ನಾರಿನ) ಹಾಸು ಮತ್ತು ಗೀರುಗಳಿರುವ ರಬ್ಬರ್ ಶೀಟ್. ಮಳೆಗಾಲದಲ್ಲಿ ಕಾಯರ್ ಬೂಷ್ಟು ಹಿಡಿಯುವುದು ಖಚಿತವಾದ್ದರಿಂದ ಮನೆಯೊಳಗಿನ ದಾರಿಗೆ ರಬ್ಬರ್ ಶೀಟನ್ನೇ ಆರಿಸಿದೆ.

ಇಡೀ ನೆಲವನ್ನು ಮುಚ್ಚುವ ಅಗತ್ಯವಿರಲಿಲ್ಲ. ಗುಂಡ ದಿನವಿಡೀ ನಡೆಯುವ ದಾರಿಯನ್ನು ಸೀಮೆಸುಣ್ಣದಿಂದ ಗುರುತಿಸಿ ನೋಡಿದಾಗ ಅದು ಒಂದು ಕವಲಿನ ಗೆರೆಯಷ್ಟೇ ಆಗಿತ್ತು: ಮಲಗುವ ಮೂಲೆಯಿಂದ ನೀರಿನ ಪಾತ್ರೆಗೆ, ಅಲ್ಲಿಂದ ಜಗುಲಿಗೆ, ಇನ್ನೊಂದು ಕವಲು ಬಚ್ಚಲ ಒಲೆಯ ಬಳಿಗೆ. ಆ ಗೆರೆಯ ಮೇಲೆ 60 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಹಾಸಿದೆ. ತಿರುವುಗಳಲ್ಲಿ ಮಾತ್ರ ಅಗಲವನ್ನು ಇಮ್ಮಡಿಸಿದೆ, ಏಕೆಂದರೆ ಹಿಂಗಾಲು ಜಾರುವುದು ಹೆಚ್ಚಾಗಿ ತಿರುಗುವಾಗ. ಪಟ್ಟಿಗಳ ನಡುವೆ ಒಂದು ಹೆಜ್ಜೆಯಷ್ಟು ಅಂತರ ಉಳಿದರೂ ನಾಯಿ ಅಲ್ಲಿಯೇ ನಿಂತುಬಿಡುತ್ತದೆ. ಹಾಗಾಗಿ ದಾರಿ ತುಂಡಾಗಬಾರದು. ಊಟದ ಪಾತ್ರೆಯ ಮುಂದೆ ಅವನ ನಾಲ್ಕೂ ಕಾಲುಗಳು ನಿಲ್ಲುವಷ್ಟು ಹಾಸು ಹಾಕಿದ್ದೇನೆ. ಪಾತ್ರೆಯನ್ನು ಎತ್ತರಕ್ಕೆ ಏರಿಸಲು ಹಲವರು ಸಲಹೆ ಕೊಟ್ಟರು. ಕತ್ತು ಅಥವಾ ಮುಂಗಾಲಿನ ಕೀಲು ನೋಯುವ ನಾಯಿಗೆ ಅದು ನೆರವಾಗಬಹುದು. ಗುಂಡನ ತೊಂದರೆ ಹಿಂಗಾಲಿನದು, ಜೊತೆಗೆ ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಎತ್ತರದ ಪಾತ್ರೆಗೂ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯಕ್ಕೂ ನಂಟಿದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಾಗಾಗಿ ಪಾತ್ರೆ ನೆಲದಲ್ಲೇ ಉಳಿಯಿತು.

ಹಾಸಿನಷ್ಟೇ ಮುಖ್ಯವಾದದ್ದು ಉಗುರು. ಉದ್ದ ಬೆಳೆದ ಉಗುರು ನೆಲಕ್ಕೆ ತಾಗಿ ಪಾದದ ಮೆತ್ತೆಯನ್ನು ಮೇಲೆತ್ತುತ್ತದೆ. ಹಿಡಿತ ಇರುವುದು ಮೆತ್ತೆಯಲ್ಲಿ, ಉಗುರಿನಲ್ಲಲ್ಲ. ನಡೆಯುವಾಗ ಟಕ್ ಟಕ್ ಸದ್ದು ಕೇಳಿದರೆ ಕತ್ತರಿಸುವ ಹೊತ್ತು ಬಂತೆಂದೇ ಲೆಕ್ಕ. ಮೆತ್ತೆಗಳ ನಡುವಿನ ಕೂದಲನ್ನೂ ಮಟ್ಟಮಾಡಬೇಕು.

ಹೊಸ್ತಿಲು

ಹಳೆಯ ಮನೆಗಳ ಹೊಸ್ತಿಲಿನ ಎತ್ತರವನ್ನು ಮನುಷ್ಯರು ಮರೆತಿರುತ್ತಾರೆ. ನಡುಮನೆಯ ಹೊಸ್ತಿಲು 13 ಸೆಂಟಿಮೀಟರ್ ಎತ್ತರವಿದೆ. ದಿನಕ್ಕೆ ಎಷ್ಟೋ ಬಾರಿ ಅದನ್ನು ದಾಟುವ ನಾಯಿಗೆ ಅದೊಂದು ಮೆಟ್ಟಿಲೇ ಸರಿ. ಕತ್ತರಿಸುವ ಮಾತೇ ಇಲ್ಲ, ಅದರ ಮೇಲೆ ಆಯಿ ದಿನವೂ ರಂಗೋಲಿ ಎಳೆಯುತ್ತಾಳೆ. ಆದ್ದರಿಂದ ಬಾಗಿಲಿನ ಒಂದು ಪಕ್ಕಕ್ಕೆ ಮಾತ್ರ, ಹೊಸ್ತಿಲಿನ ಒಳಗೂ ಹೊರಗೂ ಒಂದೊಂದು ಇಳಿಜಾರು ತುಂಡನ್ನು ಇಟ್ಟೆವು. 13 ಸೆಂಟಿಮೀಟರ್ ಎತ್ತರಕ್ಕೆ ನಾಲ್ಕು ಪಟ್ಟು ಓಟ ಕೊಟ್ಟರೆ 52 ಸೆಂಟಿಮೀಟರ್ ಬೇಕಾಗುತ್ತದೆ. ಅಗಲ 41 ಸೆಂಟಿಮೀಟರ್. ಉಳಿದರ್ಧ ಬಾಗಿಲು ಮನುಷ್ಯರಿಗೆ, ರಂಗೋಲಿಗೆ. ತುಂಡುಗಳನ್ನು ಹೊಸ್ತಿಲಿಗೆ ಬಡಿದಿಲ್ಲ. ಅಡಿಗೆ ಅಂಟಿಸಿದ ರಬ್ಬರಿನ ಹಿಡಿತದಿಂದಲೇ ನಿಂತಿವೆ, ಹಬ್ಬದ ದಿನ ಎತ್ತಿಡಬಹುದು.

ಜಗುಲಿಯ ಇಳಿಜಾರು

ಅತಿ ಹೆಚ್ಚು ಯೋಚನೆ ಬೇಡಿದ ಕೆಲಸ ಇದು. ಅಂಗಳದಿಂದ ಜಗುಲಿಗೆ ಮೂರು ಮೆಟ್ಟಿಲು, ಒಟ್ಟು ಎತ್ತರ 60 ಸೆಂಟಿಮೀಟರ್. ಹಲಗೆಯ ಉದ್ದ 5 ಅಡಿಯಾದರೆ ಇಳಿಜಾರಿನ ಕೋನ ಸುಮಾರು 23 ಡಿಗ್ರಿ, 6 ಅಡಿಯಾದರೆ 19, ಪೂರ್ತಿ 8 ಅಡಿಯಾದರೆ 14 ಡಿಗ್ರಿಗಿಂತ ತುಸು ಹೆಚ್ಚು. ಹತ್ತುವುದಕ್ಕಿಂತ ಇಳಿಯುವುದು ಕೀಲುಗಳಿಗೆ ಕಷ್ಟ, ಏಕೆಂದರೆ ಇಳಿಯುವಾಗ ಆಗಲೇ ದುಡಿದು ಸೋತ ಮುಂಗಾಲುಗಳ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. 23 ಡಿಗ್ರಿಯ ಹಲಗೆಯನ್ನು ಗುಂಡ ಹತ್ತಬಹುದಿತ್ತೇನೋ, ಇಳಿಯುತ್ತಿರಲಿಲ್ಲ. ಪ್ಲೈವುಡ್ ಶೀಟಿನ ಉದ್ದವೇ 8 ಅಡಿ, ಅಂದರೆ 244 ಸೆಂಟಿಮೀಟರ್ ಆದ್ದರಿಂದ ಅದನ್ನು ಅಡ್ಡಕ್ಕೆ ಕತ್ತರಿಸದೆ ಪೂರ್ತಿ ಉದ್ದವನ್ನು ಬಳಸುವುದೆಂದು ತೀರ್ಮಾನಿಸಿದೆ. 14 ಡಿಗ್ರಿಯ ಇಳಿಜಾರಿನ ಮೇಲೆ ಜಾರದೆ ನಿಲ್ಲುವುದಕ್ಕೇ 0.25ರಷ್ಟು ಘರ್ಷಣಾಂಕ ಬೇಕು; ಒತ್ತಿ ನಡೆಯಲು ಅದಕ್ಕಿಂತ ಬಹಳ ಹೆಚ್ಚು. ಬರಿಯ ಬಣ್ಣ ಹಚ್ಚಿದ ಪ್ಲೈವುಡ್ ಮಳೆಗಾಲದಲ್ಲಿ ಇದಕ್ಕೆ ಸಾಲದು.

ಎಲ್ಲಿ ಇಡುವುದು ಎಂಬ ಪ್ರಶ್ನೆ ಉದ್ದದಷ್ಟೇ ತೊಡಕಿನದಾಗಿತ್ತು. ಮೆಟ್ಟಿಲುಗಳ ಮೇಲೆಯೇ ನೇರವಾಗಿ ಹಾಸಿದ್ದರೆ ಹಲಗೆಯ ಕೆಳಗಿನ ಅರ್ಧ ಸೂರಿನಿಂದ ಹೊರಗೆ ಚಾಚಿ, ಹಂಚಿನ ಮಾಡಿನಿಂದ ಸುರಿಯುವ ನೀರೆಲ್ಲ ಅದರ ನಡುಮಧ್ಯಕ್ಕೆ ಬೀಳುತ್ತಿತ್ತು. ಜಗುಲಿಗೆ ಸಮಾಂತರವಾಗಿ ಸೂರಿನ ಅಡಿಯಲ್ಲಿ ಹಾಸಬಹುದಿತ್ತು; ಆಗ ಮೇಲೆ ಬಂದ ನಾಯಿ ಇಕ್ಕಟ್ಟಿನಲ್ಲಿ ತಿರುಗಬೇಕಾಗುತ್ತಿತ್ತು, ಅದಂತೂ ಬೇಡವೇ ಬೇಡ. ಕೊನೆಗೆ ಜಗುಲಿಯ ಪಕ್ಕದ ತುದಿಯನ್ನು ಆರಿಸಿದೆವು. ಅಲ್ಲಿ ಕಟ್ಟಿಗೆ ಒಟ್ಟುವ ಕಡಿಮಾಡು ಇದೆ. ಕಟ್ಟಿಗೆಯನ್ನು ಹಿತ್ತಲಿಗೆ ಸಾಗಿಸಿದ ಮೇಲೆ ಹಲಗೆಗೆ ಬೇಕಾದಷ್ಟು ಜಾಗ ಬಂತು. ತಲೆಯ ಮೇಲೆ ಮಾಡು, ಗಾಳಿ ಮಳೆಯ ಕಡೆಗೆ ಸೋಗೆಯ ತಟ್ಟಿ, ಮೇಲೇರಿದ ನಾಯಿ ತಿರುಗದೆ ನೇರವಾಗಿ ಜಗುಲಿಯ ಉದ್ದಕ್ಕೆ ನಡೆದು ಹೋಗಬಹುದು.

8 ಅಡಿ ಉದ್ದ, 4 ಅಡಿ ಅಗಲ, 18 ಮಿಲಿಮೀಟರ್ ದಪ್ಪದ, ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೈನ್ ಪ್ಲೈವುಡ್ ತಂದೆವು. ಐಎಸ್ 303 ಗುರುತಿನ ಸಾಧಾರಣ ಪ್ಲೈವುಡ್ ಅಗ್ಗ. ಒಳಾಂಗಣಕ್ಕೆ ಸರಿ, ನಮ್ಮ ಮಳೆಯ ತೇವಕ್ಕೆ ಅದರ ಪದರ ಬಿಡುತ್ತದೆ. ಶೀಟನ್ನು ಉದ್ದುದ್ದವಾಗಿ ಎರಡು ಹೋಳು ಮಾಡಿದಾಗ 61 ಸೆಂಟಿಮೀಟರ್ ಅಗಲದ ಎರಡು ಹಲಗೆಗಳಾದವು. ಒಂದು ಇಳಿಜಾರಿನ ಮೈ. ಇನ್ನೊಂದರಿಂದ 10 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳನ್ನು ಸೀಳಿ ಎರಡೂ ಬದಿಗೆ ತಡೆಯಾಗಿ ನಿಲ್ಲಿಸಿದೆವು. ಉಳಿದ 41 ಸೆಂಟಿಮೀಟರ್ ಅಗಲದಲ್ಲಿ ಹೊಸ್ತಿಲಿನ ತುಂಡುಗಳೂ ಹುಟ್ಟಿದವು. ಬದಿಯ ತಡೆಗೆ ಬಿಳಿ ಬಣ್ಣ ಬಳಿದಿದ್ದೇನೆ, ವಯಸ್ಸಾದ ನಾಯಿಯ ಕಣ್ಣಿಗೆ ಮಂದ ಬೆಳಕಿನಲ್ಲಿ ಅಂಚು ಕಾಣಲೆಂದು.

ಬರಿಯ ಹಲಗೆ ನಡುವಿನಲ್ಲಿ ಬಾಗುತ್ತದೆ. ಅಲುಗುವ ಹಲಗೆಯನ್ನು ನಾಯಿ ಒಂದು ಸಲ ಹತ್ತಿದರೆ ಮತ್ತೆ ಅದರ ತಂಟೆಗೆ ಬರುವುದಿಲ್ಲ. ಅಡಿಗೆ ಉದ್ದಕ್ಕೂ ಎರಡು ಇಂಚಿನ ಎರಡು ರೀಪುಗಳನ್ನೂ ನಡುವೆ ಅಡ್ಡ ರೀಪುಗಳನ್ನೂ ಕೊಟ್ಟು, ಸರಿಯಾಗಿ ಮಧ್ಯದಲ್ಲಿ 30 ಸೆಂಟಿಮೀಟರ್ ಎತ್ತರದಲ್ಲಿ ಒಂದು ಜೊತೆ ಕಾಲು ನಿಲ್ಲಿಸಲು ಆಚಾರಿಯವರು ಹೇಳಿದರು. ಒಂದು ನಾಯಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದ್ದಕ್ಕೆ, “ಹೆಗಡೇರೆ, ನಾಯಿ ಒಂದೇ ಹತ್ತೂದು ಅಂತ ಲೆಕ್ಕ ಹಾಕ್ಬೇಡಿ, ನಾಳೆ ಅಡಿಕೆ ಚೀಲ ಹೊತ್ತವ್ರೂ ಇದರ ಮೇಲೇ ಬರ್ತ್ರು” ಎಂದರು. ಕೊಯ್ಲಿನ ಕಾಲದಲ್ಲಿ ಅವರ ಮಾತು ಅಕ್ಷರಶಃ ನಿಜವಾಯಿತು.

ಮೇಲ್ತುದಿಯನ್ನು ಜಗುಲಿಯ ಕಟ್ಟೆಗೆ ಆಂಕರ್ ಬೋಲ್ಟ್‌ನಿಂದ ಬಿಗಿಯುವುದು ನನ್ನ ಮೊದಲ ಯೋಜನೆಯಾಗಿತ್ತು. ಕಟ್ಟೆ ಚಿರೆಕಲ್ಲಿನದು (ಜಂಬಿಟ್ಟಿಗೆ ಕಲ್ಲು), ಬೋಲ್ಟ್ ಒಳಗೆ ಅಗಲವಾಗುವಾಗ ಮೆದುಕಲ್ಲು ಪುಡಿಯಾಗಿ ಉದುರುವ ಸಂಭವವಿದೆ. ಅದರ ಬದಲು ಮೇಲ್ತುದಿಗೂ ತನ್ನದೇ ಎರಡು ಕಾಲುಗಳನ್ನು ಕೊಟ್ಟು, ಹಲಗೆಯ ಮೇಲ್ಮೈ ಜಗುಲಿಯ ಮಟ್ಟಕ್ಕೆ ಸರಿಯಾಗುವಂತೆ ಎತ್ತರ ಹೊಂದಿಸಿದೆವು. ನಡುವಿನ ಸಂದಿಯ ಮೇಲೆ ಬಿಜಾಗರಿಗಳ ಮೂಲಕ ಒಂದು ಕಿರುಹಲಗೆ ಮಡಚಿ ಬೀಳುತ್ತದೆ. ಉಗುರು ಸಿಕ್ಕಿಕೊಳ್ಳಲು ಅಲ್ಲಿ ಸಂದು ಉಳಿದಿಲ್ಲ. ಕೆಳತುದಿಯ ಅಂಚನ್ನು ಕೀಸಿ ಚೂಪು ಮಾಡಿ, ಮಣ್ಣಿನ ಮೇಲಲ್ಲದೆ ಒಂದು ಸಾಲು ಚಿರೆಕಲ್ಲಿನ ಮೇಲೆ ಕೂರಿಸಿದೆ. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಘಟ್ಟದ ಮೇಲೆ 304 ದರ್ಜೆಯದು ಸಾಕು. ಕಾರವಾರ, ಅಂಕೋಲಾ, ಹೊನ್ನಾವರದ ಕಡಲಂಚಿನಲ್ಲಿ ಇದೇ ಕೆಲಸ ಮಾಡುವವರು ಉಪ್ಪುಗಾಳಿಯ ಕಾರಣಕ್ಕೆ 316 ದರ್ಜೆಯದನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯುವ ಸಲಹೆಯೂ ಬಂದಿತ್ತು. ಗೆದ್ದಲಿಗೂ ನೀರಿಗೂ ಅದರಷ್ಟು ಒಳ್ಳೆಯ ರಕ್ಷೆ ಬೇರೆ ಇಲ್ಲವೆಂದು ನಮ್ಮ ಕಡೆ ನಂಬಿಕೆ, ಅನುಭವವೂ ಹೌದು. ಆದರೆ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ನಾಯಿ ಕಂಡದ್ದನ್ನೆಲ್ಲ ನೆಕ್ಕುತ್ತದೆ; ಅದನ್ನು ಕೈಬಿಟ್ಟು ಪ್ರೈಮರ್ ಮತ್ತು ಎನಾಮಲ್ ಬಣ್ಣದಲ್ಲೇ ಮುಗಿಸಿದೆವು. ಪ್ಲೈವುಡ್‌ಗೆ ನೀರು ಇಳಿಯುವುದು ಮೈಯಿಂದಲ್ಲ, ಅಂಚಿನಿಂದ. ಆದ್ದರಿಂದ ಅಂಚುಗಳಿಗೆ ಪ್ರೈಮರನ್ನು ಹೀರುವುದು ನಿಲ್ಲುವ ತನಕ ಬಳಿಯಬೇಕು.

ಹಲಗೆಯ ಮೇಲೆ ಹಾಸಲು, ಕೊಟ್ಟಿಗೆಯಲ್ಲಿ ದನಗಳ ಅಡಿಗೆ ಹಾಕುವ ರಬ್ಬರ್ ಮ್ಯಾಟ್ ಮೊದಲು ನೆನಪಾಯಿತು. ಹಿಡಿತ ಅದ್ಭುತ, ಆದರೆ ಅದರ ಭಾರ ಹಲಗೆಯ ಭಾರಕ್ಕಿಂತಲೂ ಹೆಚ್ಚು, ತೊಳೆಯಲು ಎತ್ತಲಾಗದು. ಹಳೆಯ ಮ್ಯಾಟಿನ ತುಂಡನ್ನು ಇಳಿಜಾರಿನ ಬುಡದಲ್ಲಿ, ನಾಯಿ ಅಂಗಳಕ್ಕೆ ಕಾಲಿಡುವ ಜಾಗದಲ್ಲಿ ಹಾಕಿ, ಹಲಗೆಗೆ 3 ಮಿಲಿಮೀಟರಿನ ಗೀರು ರಬ್ಬರ್ ಶೀಟ್ ಅಂಟಿಸಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಶೀಟಿನ ಗೀರುಗಳು ಸುರುಳಿಯ ಉದ್ದಕ್ಕೆ ಇರುತ್ತವೆ; ಹಾಗೆಯೇ ಹಾಸಿದರೆ ಗೀರುಗಳು ಇಳಿಜಾರಿನ ದಿಕ್ಕಿಗೇ ಓಡಿ, ಪಾದಕ್ಕೆ ತಡೆ ಸಿಗುವುದಿಲ್ಲ. 1 ಮೀಟರ್ ಅಗಲದ ಸುರುಳಿಯಿಂದ 61 ಸೆಂಟಿಮೀಟರಿನಂತೆ ಮೂರು ತುಂಡು ಕತ್ತರಿಸಿ, ಪ್ರತಿಯೊಂದನ್ನೂ ಕಾಲು ಸುತ್ತು ತಿರುಗಿಸಿ ಸಾಲಾಗಿ ಜೋಡಿಸಿದರೆ ಗೀರುಗಳು ಅಡ್ಡಕ್ಕೆ ಬರುತ್ತವೆ, ಹಲಗೆಯ ಉದ್ದವೂ ಮುಚ್ಚಿ ತುಸು ಮಿಗುತ್ತದೆ. ರಬ್ಬರ್ ಸೊಲ್ಯೂಷನ್‌ನಿಂದ ಅಂಟಿಸಿ, ಕೂಡುವ ಜಾಗದಲ್ಲಿ ತೆಳುವಾದ ಮರದ ಪಟ್ಟಿಯನ್ನು ವಾಷರ್ ಹಾಕಿದ ಸ್ಕ್ರೂಗಳಿಂದ ಬಿಗಿದೆ. ಆ ಪಟ್ಟಿಗಳು ಹಿಂಗಾಲಿಗೆ ಆನಿಕೆಯೂ ಆಗಿವೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ತೆಳು ಸೀಳುಗಳನ್ನೇ ಅಡ್ಡಪಟ್ಟಿಯಾಗಿ ಬಡಿಯಬಹುದಿತ್ತು, ಸಂಕದ (ಕಾಲುಸೇತುವೆಯ) ಮೇಲೆ ನಾವು ಮಾಡುವುದೂ ಅದನ್ನೇ. ಆದರೆ ದಬ್ಬೆಯ ಸಿಬಿರು ಪಾದದ ಮೆತ್ತೆಗೆ ಹೊಕ್ಕರೆ ತೆಗೆಯುವುದು ಕಷ್ಟ.

ನಾಯಿಗೆ ಹಲಗೆಯನ್ನು ಪರಿಚಯಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಕಾಲುಗಳಿಲ್ಲದೆ ನೆಲಕ್ಕೆ ಸಪಾಟಾಗಿ ಹಾಸಿ, ಅದರ ಮೇಲೆಯೇ ಊಟ ಹಾಕಿದೆ. ನಿಂತು ತಿನ್ನುವ ಧೈರ್ಯ ಬಂದ ಮೇಲೆ ಒಂದು ತುದಿಗೆ ಒಂದು ಚಿರೆಕಲ್ಲು, ಆಮೇಲೆ ಇನ್ನೊಂದು. ಕೊರಳಪಟ್ಟಿ ಹಿಡಿದು ಎಳೆಯಲಿಲ್ಲ. ಎಳೆದರೆ ಹಿಂಗಾಲನ್ನು ಊರಿ ಹಿಂದಕ್ಕೆ ಜಗ್ಗುತ್ತಾನೆ, ನೋಯುವ ಕೀಲಿಗೇ ಪೆಟ್ಟು. ಇಳಿಯುವಾಗ ಆರಂಭದಲ್ಲಿ ಎದೆಯ ಮುಂದೆ ಕೈ ಅಡ್ಡವಿಟ್ಟು ವೇಗವನ್ನು ತಡೆಯಬೇಕಾಯಿತು. ಮೆಟ್ಟಿಲಿಗೆ ಹಳೆಯ ಗೇಟೊಂದನ್ನು ಅಡ್ಡ ಕಟ್ಟಿದ್ದೇವೆ, ಇಲ್ಲವಾದರೆ ಅಪರಿಚಿತರ ಸದ್ದು ಕೇಳಿದಾಗ ಅವನಿಗೆ ವಯಸ್ಸೂ ನೋವೂ ಮರೆತುಹೋಗುತ್ತವೆ.

ಹಾಸಿಗೆ ಮತ್ತು ಎತ್ತುಪಟ್ಟಿ

ತೆಳುವಾದ ಹಾಸಿಗೆಯಲ್ಲಿ ಭಾರದ ನಾಯಿಯ ಮೊಣಕೈಯೂ ಸೊಂಟದ ಮೂಳೆಯೂ ನೆಲಕ್ಕೇ ತಾಗುತ್ತವೆ. ಅಂಗೈಯನ್ನು ಮುಷ್ಟಿ ಮಾಡಿ ಮೈಭಾರ ಬಿಟ್ಟು ಒತ್ತಿದಾಗ ಅಡಿ ಸಿಗದಿದ್ದರೆ ಫೋಮ್ ಸಾಕಷ್ಟು ಗಟ್ಟಿಯೆಂದು ತಿಳಿಯಬಹುದು. ಅಡಿಗೆ ಗಟ್ಟಿಯಾದ ರೀಬಾಂಡೆಡ್ (ಚೂರುಗಳನ್ನು ಒತ್ತಿ ಅಂಟಿಸಿದ) ಫೋಮ್, ಮೇಲೆ ಮೆತ್ತನೆಯದು, ಒಟ್ಟು 4 ಇಂಚು. ಅದಕ್ಕಿಂತ ಎತ್ತರವಾದರೆ ಹತ್ತುವುದೇ ಮತ್ತೊಂದು ಮೆಟ್ಟಿಲಾಗುತ್ತದೆ. ಫೋಮಿಗೆ ರೆಕ್ಸಿನ್ ಹೊದಿಕೆ, ಅದರ ಮೇಲೆ ಬಿಚ್ಚಿ ಒಗೆಯುವ ಹತ್ತಿ ಬಟ್ಟೆ. ನೆಲದ ತೇವ ಫೋಮಿಗೆ ಏರದಿರಲು ಅಡಿಯಲ್ಲಿ ಅಡಿಕೆ ದಬ್ಬೆಯ ತಟ್ಟಿ ಹಾಸಿದ್ದೇವೆ. ಇಲ್ಲಿ ದಬ್ಬೆ ನಿರಪಾಯ, ಗಾಳಿಯೂ ಆಡುತ್ತದೆ. ಹಾಸಿಗೆಯ ಜಾಗ ಬಚ್ಚಲ ಒಲೆಯ ಹಿಂಬದಿಯ ಗೋಡೆಗೆ ಒತ್ತಿಕೊಂಡಿದೆ. ಹಿಂದೆ ಗುಂಡ ಚಳಿಯಲ್ಲಿ ಒಲೆಯ ಬೂದಿಯ ಪಕ್ಕದ ಕಲ್ಲಿನ ಮೇಲೆಯೇ ಮಲಗುತ್ತಿದ್ದ. ಕಾವು ಕೀಲಿಗೆ ಹಿತವೆಂಬುದು ಅವನಿಗೆ ಮೊದಲೇ ತಿಳಿದಿತ್ತು, ಬಿರುಸಾದ ಕಲ್ಲಷ್ಟೇ ಅವನಿಗೆ ಒಗ್ಗದ್ದು.

ಹಿಂಗಾಲು ಸೋತ ದಿನಗಳಿಗೆಂದು ಹಳೆಯ ಶಾಲಾ ಚೀಲದ ಪಟ್ಟಿಗಳನ್ನೂ ಕ್ಯಾನ್ವಾಸ್ ಬಟ್ಟೆಯನ್ನೂ ಸೇರಿಸಿ ಒಂದು ಎತ್ತುಪಟ್ಟಿ ಹೊಲಿಸಿದ್ದೇವೆ. ತೊಡೆಗಳ ಮುಂದೆ ಹೊಟ್ಟೆಯ ಅಡಿಯಿಂದ ಹಾಯುವ ಈ ಪಟ್ಟಿ 18 ಸೆಂಟಿಮೀಟರ್ ಅಗಲವಿದೆ; ಕಿರಿದಾದರೆ ಹೊಟ್ಟೆಗೆ ಕೊರೆಯುತ್ತದೆ. ಗಂಡು ನಾಯಿಯಾದ್ದರಿಂದ ಮೂತ್ರಕ್ಕೆ ತಡೆಯಾಗದಂತೆ ನಡುವೆ ಕಂಡಿ ಬಿಡಿಸಿದ್ದೇನೆ. ಹಿಡಿಕೆಯ ಉದ್ದ ಹಿಡಿಯುವವರ ಎತ್ತರಕ್ಕೆ ತಕ್ಕಂತಿರಬೇಕು, ಇಲ್ಲದಿದ್ದರೆ ನಾಯಿಯ ಸೊಂಟ ಉಳಿಸಲು ಹೋಗಿ ನಮ್ಮ ಸೊಂಟ ಹಿಡಿದುಕೊಳ್ಳುತ್ತದೆ. ಪೂರ್ತಿ ಎತ್ತುವುದಲ್ಲ, ಭಾರವನ್ನು ಸ್ವಲ್ಪ ಹಗುರಗೊಳಿಸುವುದಷ್ಟೇ ಅದರ ಕೆಲಸ.

ತೂಕ ಮತ್ತು ಮದ್ದು

ಇವು ಮರಗೆಲಸಕ್ಕೆ ಸೇರದಿದ್ದರೂ ಇವಿಲ್ಲದೆ ಮರಗೆಲಸ ವ್ಯರ್ಥ. 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವಕ್ಕಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು 2 ವರ್ಷ ಹೆಚ್ಚು ಬಾಳಿದವು, ಸಂಧಿವಾತವೂ ಅವಕ್ಕೆ ತಡವಾಗಿ ಕಾಣಿಸಿಕೊಂಡಿತು. ಈಗಾಗಲೇ ಸಂಧಿವಾತವಿರುವ ದಪ್ಪ ನಾಯಿಗಳು ಮೈತೂಕದ 6 ಪ್ರತಿಶತದಷ್ಟು ಇಳಿದರೂ ಕುಂಟು ಕಡಿಮೆಯಾಗುವುದು ಕಂಡುಬಂದಿದೆ. ಗುಂಡನ ಲೆಕ್ಕದಲ್ಲಿ ಅದು ಬರಿಯ 2 ಕಿಲೋ ಚಿಲ್ಲರೆ. ಅಡಿಕೆ ಚೀಲ ತೂಗುವ ತೂಕದ ಯಂತ್ರದ ಮೇಲೆಯೇ ಅವನನ್ನೂ ನಿಲ್ಲಿಸುತ್ತೇವೆ. ಕಷ್ಟವಾದದ್ದು ಅವನ ಊಟ ಅಳೆಯುವುದಲ್ಲ, ಪ್ರತಿಯೊಬ್ಬರ ಬಾಳೆಯಿಂದಲೂ ಅವನಿಗೆ ಸಲ್ಲುತ್ತಿದ್ದ ದೋಸೆಯ ತುಂಡನ್ನು ನಿಲ್ಲಿಸುವುದು. ಈಗ 32 ಕಿಲೋ ಇದ್ದಾನೆ, ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುತ್ತದೆ.

ನೋವಿನ ಮದ್ದನ್ನು ಪಶುವೈದ್ಯರು ಯಕೃತ್ತು, ಮೂತ್ರಪಿಂಡಗಳ ರಕ್ತ ಪರೀಕ್ಷೆ ನೋಡಿಯೇ ಆರಂಭಿಸಿದರು, ಊಟದ ಜೊತೆಗೇ ಕೊಡಬೇಕೆಂದರು. ವಾಂತಿ, ಕಪ್ಪು ಮಲ ಅಥವಾ ಊಟ ಬಿಡುವುದು ಕಂಡರೆ ನಿಲ್ಲಿಸಿ ಕೂಡಲೇ ತಿಳಿಸಬೇಕು. ಮನೆಯ ಡಬ್ಬಿಯಲ್ಲಿರುವ ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ರೂಢಿ ನಮ್ಮಲ್ಲಿದೆ. ಐಬುಪ್ರೊಫೇನ್ ಮತ್ತು ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಗಾಬಾಪೆಂಟಿನ್ ಎಂಬ ನರನೋವಿನ ಮದ್ದನ್ನು ನಾಯಿಗಳಿಗೂ ಬರೆಯುತ್ತಾರೆ. ಆದರೆ ಮನುಷ್ಯರಿಗೆಂದು ತಯಾರಾದ ಅದರ ದ್ರವರೂಪದಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇರಬಹುದು, ಅದು ನಾಯಿಗೆ ವಿಷ. ಊತ ಇಳಿಸಲು ಮೀನೆಣ್ಣೆಯ ಗುಳಿಗೆಯನ್ನೂ ಬರೆದುಕೊಟ್ಟರು. ಆಯಿ ಅದಕ್ಕೆ ಒಪ್ಪಿದಳು, ಡಬ್ಬಿ ಜಗುಲಿಯ ಗೂಡಿನಿಂದ ಒಳಗೆ ಬರಬಾರದೆಂಬ ಕರಾರಿನ ಮೇಲೆ.

ನಡಿಗೆಯನ್ನು ನಿಲ್ಲಿಸಿಲ್ಲ. ಒಂದೇ ದೊಡ್ಡ ಸುತ್ತಿನ ಬದಲು 10 ನಿಮಿಷದ ಚಿಕ್ಕ ಸುತ್ತುಗಳು, ತೋಟದ ಮೆತ್ತನೆಯ ದಾರಿಯಲ್ಲಿ, ದರೆ ಇಳಿಯದಂತೆ. ಪ್ರಗತಿ ನೋಡಲು ಪಕ್ಕದಿಂದಲೂ ಹಿಂದಿನಿಂದಲೂ ಮೊಬೈಲಿನಲ್ಲಿ ವಿಡಿಯೋ ತೆಗೆದಿಡುತ್ತೇನೆ, ದರ್ಜಿಯ ಟೇಪಿನಿಂದ ತೊಡೆಯ ಸುತ್ತಳತೆ ಬರೆದಿಡುತ್ತೇನೆ. ದಿನವೂ ನೋಡುವವರ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ.

ಒಂದು ಪೂರ್ತಿ ಮಳೆಗಾಲ ಕಳೆದ ಮೇಲಿನ ಸ್ಥಿತಿ ಹೀಗಿದೆ. ಹಲಗೆಯ ಪದರ ಎಲ್ಲಿಯೂ ಬಿಟ್ಟಿಲ್ಲ. ಕೆಳತುದಿಯ ರಬ್ಬರ್ ಒಂದು ಮೂಲೆಯಲ್ಲಿ ಎದ್ದಿತ್ತು, ಅಲ್ಲಿಗೂ ಒಂದು ಮರದ ಪಟ್ಟಿ ಬಿಗಿದಿದ್ದೇನೆ. ಗೀರುಗಳ ನಡುವೆ ಕೂರುವ ಪಾಚಿಯನ್ನು ತೆಂಗಿನ ನಾರಿನ ಬ್ರಷ್‌ನಿಂದ ಆಗಾಗ ತಿಕ್ಕಬೇಕು. ಬ್ಲೀಚಿಂಗ್ ಪೌಡರ್ ಅಂಗಳಕ್ಕೆ ಸರಿ, ನಾಯಿ ನಡೆಯುವ ಹಲಗೆಗೆ ಬೇಡ. ನಡುಮನೆಯಲ್ಲಿ ಗುಂಡನ ಹಿಂಗಾಲು ಜಾರುವುದು ನಿಂತಿದೆ, ತೊಡೆಯ ಸುತ್ತಳತೆ ಕರಗುವುದೂ ನಿಂತಿದೆ, ಮೊದಲಿನಂತೆ ತುಂಬಿಕೊಂಡಿಲ್ಲ. ಪಿವಿಸಿ ಪೈಪಿನಿಂದ ಗಾಲಿ ಬಂಡಿ ಮಾಡುವ ವಿಚಾರವನ್ನು ವೈದ್ಯರ ಮುಂದಿಟ್ಟಾಗ, ಹಿಂಗಾಲುಗಳು ಇನ್ನೂ ಕೆಲಸ ಮಾಡುತ್ತಿರುವಾಗ ಅದು ಬೇಡವೆಂದರು. ಶೀಟಿನಲ್ಲಿ 41 ಸೆಂಟಿಮೀಟರ್ ಅಗಲದ, ಒಂದೂಕಾಲು ಮೀಟರಿಗಿಂತ ತುಸು ಉದ್ದದ ತುಂಡು ಇನ್ನೂ ಉಳಿದಿದೆ. ಬಚ್ಚಲ ಮನೆಯ ಹೊಸ್ತಿಲು ನಡುಮನೆಯದಕ್ಕಿಂತ ತಗ್ಗು, 9 ಸೆಂಟಿಮೀಟರ್. ಎರಡೂ ಬದಿಗೆ 36 ಸೆಂಟಿಮೀಟರಿನಂತೆ ಅದರಲ್ಲೇ ಆಗುತ್ತದೆ. ಆಚಾರಿಯವರು ಬಿಡುವಾದಾಗ ಬರುವುದಾಗಿ ಹೇಳಿದ್ದಾರೆ.